ತಂತ್ರಾಂಶ ನವೀಕರಣದ ನಂತರ ಇ-ಮೇಲ್ ಹುಡುಕಾಟದಲ್ಲಿ ಉಂಟಾಗುವ ತೊಂದರೆಗಳು ಮತ್ತು ಪರಿಹಾರ ಕ್ರಮಗಳು

(ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಸರ್ಕಾರದ ವಿವಿಧ ಸೇವೆಗಳಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಸ್ವೀಕೃತಿ ಸಂಖ್ಯೆ, ಶುಲ್ಕ ಪಾವತಿಯ ರಸೀದಿ, ಹೆಚ್ಚುವರಿ ದಾಖಲೆ ಕೋರುವ ಸೂಚನೆ ಹಾಗೂ ಅಂತಿಮ ಹಿಂಬರಹಗಳು ಎಸ್‌ಎಂಎಸ್ ಜೊತೆಗೆ ಇ-ಮೇಲ್ ಮುಖಾಂತರವೂ ರವಾನೆಯಾಗುತ್ತವೆ. ಬಹುತೇಕ ಅರ್ಜಿದಾರರು ಇವುಗಳನ್ನು ಮುದ್ರಿಸಿಟ್ಟುಕೊಳ್ಳುವುದಿಲ್ಲ. ಅಗತ್ಯ ಬಿದ್ದಾಗ ಅಂಚೆಪೆಟ್ಟಿಗೆಯಲ್ಲಿ ಹುಡುಕಿದರಾಯಿತು ಎಂದು ಭಾವಿಸಿರುತ್ತಾರೆ. ಆದರೆ ಗಣಕಯಂತ್ರದ ತಂತ್ರಾಂಶವು ನವೀಕರಣಗೊಂಡ ಮಾರನೆಯ ದಿನ ಹುಡುಕು ಪೆಟ್ಟಿಗೆಯಲ್ಲಿ ಸಂಖ್ಯೆ ನಮೂದಿಸಿದಾಗ ‘ಯಾವುದೇ ಫಲಿತಾಂಶ ಇಲ್ಲ’ ಎಂಬ ಉತ್ತರ ಬರುವುದುಂಟು. ಇಂತಹ ಸಂದರ್ಭದಲ್ಲಿ ಸಂದೇಶವೇ ಅಳಿಸಿಹೋಗಿದೆ ಎಂದು ಭಾವಿಸಿ ಕೆಲವರು ಹೊಸದಾಗಿ ಶುಲ್ಕ ಪಾವತಿಸಿ ಎರಡನೆಯ ಅರ್ಜಿ ಸಲ್ಲಿಸುತ್ತಾರೆ. ಇದು ಅನಗತ್ಯ. ಬಹುಪಾಲು ಪ್ರಕರಣಗಳಲ್ಲಿ ಸಂದೇಶವು ಇದ್ದ ಸ್ಥಳದಲ್ಲಿಯೇ ಇರುತ್ತದೆ. ಅದನ್ನು ತೋರಿಸಿಕೊಡುವ ಅನುಕ್ರಮಣಿಕೆ ಮಾತ್ರ ಕೆಟ್ಟಿರುತ್ತದೆ.

ವಿಷಯವು ಸಣ್ಣದೆಂದು ಕಂಡರೂ ಕಾಲಮಿತಿಗೆ ಸಂಬಂಧಿಸಿದ್ದಾಗಿದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಅರ್ಜಿ ತಿರಸ್ಕೃತವಾದಲ್ಲಿ ಅಥವಾ ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕಾಗುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿಯೂ ಮೊದಲ ಮೇಲ್ಮನವಿಗೆ 30 ದಿನಗಳು, ಎರಡನೆಯ ಮೇಲ್ಮನವಿಗೆ 90 ದಿನಗಳು ನಿಗದಿಯಾಗಿವೆ. ಹಿಂಬರಹವು ಅಂಚೆಪೆಟ್ಟಿಗೆಯಲ್ಲಿ ಕುಳಿತಿದ್ದು ಅರ್ಜಿದಾರರ ಕಣ್ಣಿಗೆ ಬೀಳದಿದ್ದರೂ ದಿನಗಳ ಎಣಿಕೆ ನಿಲ್ಲುವುದಿಲ್ಲ. ವಿಳಂಬವನ್ನು ಸಕಾರಣವಿದ್ದಲ್ಲಿ ಮನ್ನಿಸಲು ಅವಕಾಶವಿದೆಯಾದರೂ ಅದನ್ನು ನೆಚ್ಚಿಕೊಂಡು ಕೂರುವುದು ಸೂಕ್ತವಲ್ಲ.

ಅವಧಿ ಸಮೀಪಿಸಿದ್ದಲ್ಲಿ ಮೊದಲು ಮಾಡಬೇಕಾದುದು

ಗಣಕಯಂತ್ರವನ್ನು ಸರಿಪಡಿಸುವ ಗೋಜಿಗೆ ಹೋಗುವ ಮುನ್ನ ಬ್ರೌಸರ್ ತೆರೆದು ಇ-ಮೇಲ್ ಸೇವೆಯ ಜಾಲತಾಣದಲ್ಲಿ ನೇರವಾಗಿ ಲಾಗಿನ್ ಆಗಿ ಅದೇ ಸಂಖ್ಯೆಯನ್ನು ಹುಡುಕಬೇಕು. ಬೇರೆ ಗಣಕಯಂತ್ರದಿಂದ ಅಥವಾ ಮೊಬೈಲಿನಿಂದಲೂ ಹೀಗೆ ಮಾಡಬಹುದು. ಇದರಿಂದ ಎರಡು ಪ್ರಯೋಜನಗಳಿವೆ. ಸಂದೇಶ ಅಲ್ಲಿ ಸಿಕ್ಕಿದಲ್ಲಿ ತುರ್ತು ಕೆಲಸ ಅಲ್ಲಿಗೇ ಮುಗಿಯಿತು, ಉಳಿದ ದುರಸ್ತಿಯನ್ನು ಬಿಡುವಿನಲ್ಲಿ ಮಾಡಿಕೊಳ್ಳಬಹುದು. ಜೊತೆಗೆ, ತೊಂದರೆ ಇರುವುದು ಗಣಕಯಂತ್ರದ ತಂತ್ರಾಂಶದಲ್ಲಿಯೇ ಹೊರತು ಖಾತೆಯಲ್ಲಿ ಅಲ್ಲ ಎಂಬುದು ಖಚಿತವಾಗುತ್ತದೆ.

ಜಾಲತಾಣದಲ್ಲಿಯೂ ಸಿಗದಿದ್ದಲ್ಲಿ ಕಸದ ಬುಟ್ಟಿ ಹಾಗೂ ಸ್ಪ್ಯಾಮ್ ಫೋಲ್ಡರುಗಳನ್ನು ಪ್ರತ್ಯೇಕವಾಗಿ ತೆರೆದು ನೋಡಬೇಕು. ಜಿಮೇಲ್‌ನಲ್ಲಿ ಸಾಮಾನ್ಯ ಹುಡುಕಾಟವು ಈ ಎರಡು ಫೋಲ್ಡರುಗಳನ್ನು ಒಳಗೊಳ್ಳುವುದಿಲ್ಲ ಎಂಬುದನ್ನು ಹಲವರು ಗಮನಿಸಿರುವುದಿಲ್ಲ. ಹುಡುಕು ಪೆಟ್ಟಿಗೆಯ ಬಲತುದಿಯಲ್ಲಿರುವ ಚಿಹ್ನೆಯನ್ನು ಒತ್ತಿ, ‘ಮೇಲ್ ಹಾಗೂ ಸ್ಪ್ಯಾಮ್ ಹಾಗೂ ಟ್ರ್ಯಾಷ್’ ಎಂಬ ವ್ಯಾಪ್ತಿಯನ್ನು ಆರಿಸಿಕೊಂಡರೆ ಎಲ್ಲವೂ ಒಟ್ಟಿಗೆ ಶೋಧವಾಗುತ್ತವೆ. ಇವುಗಳಲ್ಲಿರುವ ಸಂದೇಶಗಳು 30 ದಿನಗಳ ನಂತರ ತಾವಾಗಿಯೇ ಶಾಶ್ವತವಾಗಿ ಅಳಿಸಿಹೋಗುವುದರಿಂದ ಈ ಪರಿಶೀಲನೆಯನ್ನು ಮುಂದೂಡಬಾರದು.

ಇ-ಮೇಲ್ ಹೊರತಾಗಿಯೂ ದಾರಿಗಳಿವೆ. ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿದಾರರು ತಮ್ಮ ಖಾತೆಗೆ ಲಾಗಿನ್ ಆದಲ್ಲಿ ಹಿಂದೆ ಸಲ್ಲಿಸಿದ ಅರ್ಜಿಗಳ ಪಟ್ಟಿ ಲಭ್ಯವಿರುತ್ತದೆ. ಸಕಾಲ ಸೇವೆಗಳಿಗೆ ನೀಡುವ ಜಿಎಸ್‌ಸಿ ಸಂಖ್ಯೆಯೂ, ನಾಡಕಚೇರಿಯಿಂದ ಪಡೆಯುವ ಜಾತಿ, ಆದಾಯ ಮುಂತಾದ ಪ್ರಮಾಣಪತ್ರಗಳಿಗೆ ಸಂಬಂಧಿಸಿದ, ‘ಆರ್‌ಡಿ’ ಎಂದು ಆರಂಭವಾಗುವ ಸಂಖ್ಯೆಯೂ ಮೊಬೈಲಿನ ಎಸ್‌ಎಂಎಸ್ ಪಟ್ಟಿಯಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ಕೌಂಟರಿನಲ್ಲಿ ಅರ್ಜಿ ಸಲ್ಲಿಸಿದವರು ಆಗ ನೀಡಲಾದ ಸ್ವೀಕೃತಿ ಚೀಟಿಯನ್ನು ಒಮ್ಮೆ ಹುಡುಕಿ ನೋಡುವುದು ಒಳಿತು.

ನವೀಕರಣದಿಂದ ಹುಡುಕಾಟ ಏಕೆ ಕೆಡುತ್ತದೆ

ದಪ್ಪನೆಯ ಲೆಡ್ಜರ್ ಪುಸ್ತಕದ ಆರಂಭದಲ್ಲಿ ಖಾತೆದಾರರ ಹೆಸರು ಹಾಗೂ ಪುಟ ಸಂಖ್ಯೆಗಳ ಅನುಕ್ರಮಣಿಕೆ ಇರುವುದು ವಾಡಿಕೆ. ಲೆಕ್ಕಿಗರು ಒಂದು ಹೆಸರಿಗಾಗಿ ಇಡೀ ಪುಸ್ತಕವನ್ನು ತಿರುವುವುದಿಲ್ಲ. ಅನುಕ್ರಮಣಿಕೆ ನೋಡಿ ನೇರವಾಗಿ ಆ ಪುಟಕ್ಕೆ ಹೋಗುತ್ತಾರೆ. ಗಣಕಯಂತ್ರವೂ ಹೀಗೆಯೇ ಕಾರ್ಯ ನಿರ್ವಹಿಸುತ್ತದೆ. ವಿಂಡೋಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ‘ವಿಂಡೋಸ್ ಸರ್ಚ್’ ಎಂಬ ಸೇವೆಯು ಹಿನ್ನೆಲೆಯಲ್ಲಿ ಚಾಲನೆಯಲ್ಲಿದ್ದು, ಕಡತಗಳಲ್ಲಿರುವ ಪದಗಳನ್ನು ಓದಿ ಅನುಕ್ರಮಣಿಕೆಯನ್ನು ಸಿದ್ಧಪಡಿಸುತ್ತಿರುತ್ತದೆ. ಇದನ್ನು ಇಂಡೆಕ್ಸ್ ಎನ್ನುತ್ತಾರೆ. ಗಣಕಯಂತ್ರದಲ್ಲಿ ಸ್ಥಾಪಿಸಿದ ಹಳೆಯ ಮಾದರಿಯ ಔಟ್‌ಲುಕ್ ತಂತ್ರಾಂಶವು, ಸ್ಥಳೀಯವಾಗಿ ಉಳಿಸಿದ ಸಂದೇಶಗಳನ್ನು ಹುಡುಕಲು ಇದೇ ಇಂಡೆಕ್ಸನ್ನು ಅವಲಂಬಿಸಿದೆ.

ದೊಡ್ಡ ನವೀಕರಣ ನಡೆದಾಗ ಈ ಇಂಡೆಕ್ಸ್ ಅಪೂರ್ಣವಾಗಬಹುದು, ಹಾಳಾಗಬಹುದು ಅಥವಾ ಮೊದಲಿನಿಂದ ಹೊಸದಾಗಿ ರಚನೆಯಾಗುತ್ತಿರಬಹುದು. ಕೆಲವೊಮ್ಮೆ ಇಂಡೆಕ್ಸಿಗೆ ಒಳಪಡಬೇಕಾದ ಸ್ಥಳಗಳ ಪಟ್ಟಿಯಿಂದ ಔಟ್‌ಲುಕ್ ಹೆಸರೇ ಬಿಟ್ಟುಹೋಗಿರುತ್ತದೆ. ಲೆಡ್ಜರ್ ಯಥಾಸ್ಥಿತಿಯಲ್ಲಿದೆ, ಅದರ ಮೊದಲ ಪುಟಗಳು ಹರಿದಿವೆ ಎಂದು ತಿಳಿಯಬಹುದು. ಫೋಲ್ಡರ್ ತೆರೆದು ದಿನಾಂಕದ ಪ್ರಕಾರ ಕೆಳಗೆ ಸರಿಸುತ್ತಾ ಹೋದರೆ ಸಂದೇಶ ಕಾಣುತ್ತದೆ, ಹುಡುಕಿದರೆ ಮಾತ್ರ ಕಾಣುವುದಿಲ್ಲ ಎಂದಾದಲ್ಲಿ ತೊಂದರೆ ಇದೇ ಎಂದು ನಿಶ್ಚಯಿಸಬಹುದು.

ತೊಂದರೆ ಬಳಕೆದಾರರ ಅಜಾಗರೂಕತೆಯಿಂದಲೇ ಬರಬೇಕೆಂದಿಲ್ಲ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಿಡುಗಡೆಯಾದ ನಂತರ ಅದಕ್ಕೆ ಬದಲಾದ ಕೆಲವು ಗಣಕಯಂತ್ರಗಳಲ್ಲಿ ಇತ್ತೀಚಿನ ಸಂದೇಶಗಳು ಔಟ್‌ಲುಕ್ ಹುಡುಕಾಟದಲ್ಲಿ ಬಾರದಿರುವುದನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಒಪ್ಪಿಕೊಂಡು, 2022ರ ಜನವರಿಯಲ್ಲಿ ಪರಿಹಾರದ ನವೀಕರಣವನ್ನು ಹೊರತಂದಿತು. ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ ಅನೇಕ ಮನೆಗಳ ಹಾಗೂ ಸೈಬರ್ ಕೇಂದ್ರಗಳ ಗಣಕಯಂತ್ರಗಳು ಹೊಸ ಆವೃತ್ತಿಗೆ ಬದಲಾಗುತ್ತಿದ್ದು, ಈ ಮಾಹಿತಿಯ ಅಗತ್ಯ ಹೆಚ್ಚಿದೆ.

ಔಟ್‌ಲುಕ್ ಬಳಸುವವರು ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಹುಡುಕಾಟದ ವ್ಯಾಪ್ತಿಯನ್ನು ನೋಡಬೇಕು. ಹುಡುಕು ಪೆಟ್ಟಿಗೆಯ ಪಕ್ಕದಲ್ಲಿ ‘ಕರೆಂಟ್ ಫೋಲ್ಡರ್’ ಎಂದಿದ್ದಲ್ಲಿ ತೆರೆದಿರುವ ಫೋಲ್ಡರ್ ಮಾತ್ರ ಶೋಧವಾಗುತ್ತದೆ. ಇದನ್ನು ‘ಆಲ್ ಮೇಲ್‌ಬಾಕ್ಸಸ್’ ಎಂದು ಬದಲಿಸಿಕೊಂಡು ಮತ್ತೊಮ್ಮೆ ಪ್ರಯತ್ನಿಸಬೇಕು. ಇಷ್ಟರಿಂದಲೇ ಪರಿಹಾರವಾಗುವ ಪ್ರಕರಣಗಳೂ ಇವೆ.

ನಂತರ ಹುಡುಕು ಪೆಟ್ಟಿಗೆಯೊಳಗೆ ಕ್ಲಿಕ್ ಮಾಡಿದಾಗ ಮೇಲ್ಭಾಗದಲ್ಲಿ ತೆರೆದುಕೊಳ್ಳುವ ‘ಸರ್ಚ್’ ಪಟ್ಟಿಯಲ್ಲಿ ‘ಸರ್ಚ್ ಟೂಲ್ಸ್’ ಆರಿಸಿ, ಅದರೊಳಗೆ ‘ಇಂಡೆಕ್ಸಿಂಗ್ ಸ್ಟೇಟಸ್’ ಒತ್ತಬೇಕು. ಇನ್ನೆಷ್ಟು ಸಂದೇಶಗಳು ಇಂಡೆಕ್ಸ್ ಆಗಲು ಬಾಕಿ ಇವೆ ಎಂಬುದು ಅಲ್ಲಿ ಅಂಕಿಗಳಲ್ಲಿ ಕಾಣುತ್ತದೆ. ಬಾಕಿ ಸಂಖ್ಯೆ ಸೊನ್ನೆಯಲ್ಲದಿದ್ದಲ್ಲಿ ಐದು ನಿಮಿಷ ಬಿಟ್ಟು ಪುನಃ ನೋಡಬೇಕು. ಸಂಖ್ಯೆ ಇಳಿಯುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಆಗ ಕಾಯುವುದೇ ಸರಿಯಾದ ಕ್ರಮ. ಔಟ್‌ಲುಕ್ ಅನ್ನು ಮುಚ್ಚದೆ, ಲ್ಯಾಪ್‌ಟಾಪ್ ಆಗಿದ್ದಲ್ಲಿ ವಿದ್ಯುತ್ ಸಂಪರ್ಕ ನೀಡಿ, ಯಂತ್ರವು ನಿದ್ರಾಸ್ಥಿತಿಗೆ ಹೋಗದಂತೆ ಬಿಟ್ಟಿರಬೇಕು. ಬ್ಯಾಟರಿಯಲ್ಲಿ ನಡೆಯುವಾಗ ಹಾಗೂ ಬಳಕೆದಾರರು ಇತರ ಕೆಲಸ ಮಾಡುತ್ತಿರುವಾಗ ಇಂಡೆಕ್ಸ್ ಕಾರ್ಯವು ನಿಧಾನಗೊಳ್ಳುತ್ತದೆ.

ಬಾಕಿ ಸಂಖ್ಯೆ ಒಂದೇ ಕಡೆ ನಿಂತಿದ್ದಲ್ಲಿ, ಅಥವಾ ಸೊನ್ನೆ ಎಂದು ತೋರಿಸಿಯೂ ಸಂದೇಶ ಸಿಗದಿದ್ದಲ್ಲಿ, ‘ಫೈಲ್’, ‘ಆಪ್ಷನ್ಸ್’, ‘ಸರ್ಚ್’ ಎಂಬ ಕ್ರಮದಲ್ಲಿ ಸಾಗಿ ‘ಇಂಡೆಕ್ಸಿಂಗ್ ಆಪ್ಷನ್ಸ್’ ತೆರೆಯಬೇಕು. ಕಂಟ್ರೋಲ್ ಪ್ಯಾನೆಲ್ ಮೂಲಕವೂ ಇಲ್ಲಿಗೆ ಬರಬಹುದು. ಕಾಣುವ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಔಟ್‌ಲುಕ್’ ಇರಬೇಕು. ಇಲ್ಲದಿದ್ದಲ್ಲಿ ‘ಮಾಡಿಫೈ’ ಒತ್ತಿ, ಅದರ ಎದುರಿನ ಚೌಕದಲ್ಲಿ ಗುರುತು ಹಾಕಿ ಸರಿ ಎಂದು ಒಪ್ಪಬೇಕು. ಹೆಸರು ಪಟ್ಟಿಯಲ್ಲಿಯೇ ಇದ್ದಲ್ಲಿ ‘ಅಡ್ವಾನ್ಸ್ಡ್’ ಒತ್ತಿ, ‘ರೀಬಿಲ್ಡ್’ ಎಂಬ ಗುಂಡಿಯ ಮೂಲಕ ಇಂಡೆಕ್ಸನ್ನು ಹೊಸದಾಗಿ ರಚಿಸಲು ಆದೇಶಿಸಬೇಕು. ಇದರಿಂದ ಯಾವುದೇ ಸಂದೇಶ ಅಥವಾ ಕಡತ ಅಳಿಸುವುದಿಲ್ಲ. ಅಳಿಸುವುದು ಹಳೆಯ ಅನುಕ್ರಮಣಿಕೆ ಮಾತ್ರ.

ರೀಬಿಲ್ಡ್ ಕಾರ್ಯಕ್ಕೆ ಸಂದೇಶಗಳ ಪ್ರಮಾಣವನ್ನು ಅನುಸರಿಸಿ ಹಲವು ಗಂಟೆಗಳು, ದೊಡ್ಡ ಅಂಚೆಪೆಟ್ಟಿಗೆಗಳಲ್ಲಿ ಒಂದು ಇಡೀ ರಾತ್ರಿಯೂ ಹಿಡಿಯಬಹುದು. ಅದು ಮುಗಿಯುವವರೆಗೆ ಹುಡುಕಾಟದ ಫಲಿತಾಂಶ ಮೊದಲಿಗಿಂತಲೂ ಕಡಿಮೆಯಾಗಿ ಕಾಣುತ್ತದೆ. ಇಲ್ಲಿಯೇ ಬಹಳಷ್ಟು ಜನ ಎಡವುತ್ತಾರೆ. ಅರ್ಧ ಗಂಟೆ ನೋಡಿ, ಫಲಿತಾಂಶ ಇಲ್ಲವೆಂದು ಮತ್ತೊಮ್ಮೆ ರೀಬಿಲ್ಡ್ ಒತ್ತಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ರದ್ದಾಗಿ ಮೊದಲಿನಿಂದ ಆರಂಭವಾಗುತ್ತದೆ. ಗುಂಡಿಯನ್ನು ಒಮ್ಮೆ ಒತ್ತಿ, ಸಂಜೆ ಯಂತ್ರವನ್ನು ಚಾಲನೆಯಲ್ಲಿಟ್ಟು ಮಲಗುವುದು ಉತ್ತಮ.

ಇಂಡೆಕ್ಸಿಂಗ್ ಆಪ್ಷನ್ಸ್ ಪರದೆಯಲ್ಲಿ ಇಂಡೆಕ್ಸಿಂಗ್ ನಡೆಯುತ್ತಿಲ್ಲ ಎಂಬ ಸೂಚನೆ ಇದ್ದಲ್ಲಿ ವಿಂಡೋಸ್ ಸರ್ಚ್ ಸೇವೆಯೇ ಸ್ಥಗಿತಗೊಂಡಿರಬಹುದು. ಸ್ಟಾರ್ಟ್ ಪಟ್ಟಿಯಲ್ಲಿ ‘ಸರ್ವೀಸಸ್’ ಎಂದು ನಮೂದಿಸಿ ತೆರೆದು, ‘ವಿಂಡೋಸ್ ಸರ್ಚ್’ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ಆರಂಭದ ವಿಧಾನವನ್ನು ‘ಆಟೋಮ್ಯಾಟಿಕ್ ಡಿಲೇಯ್ಡ್ ಸ್ಟಾರ್ಟ್’ ಎಂದು ನಿಗದಿಪಡಿಸಿ ‘ಸ್ಟಾರ್ಟ್’ ಒತ್ತಬೇಕು. ಯಂತ್ರದ ವೇಗ ಹೆಚ್ಚಿಸುವ ಭರವಸೆ ನೀಡುವ ಕೆಲವು ಉಚಿತ ತಂತ್ರಾಂಶಗಳು ಇದೇ ಸೇವೆಯನ್ನು ನಿಲ್ಲಿಸಿಬಿಡುತ್ತವೆ. ಅಂತಹವುಗಳಿದ್ದಲ್ಲಿ ತೆಗೆದುಹಾಕುವುದು ಲೇಸು.

ಮೇಲ್ಕಂಡ ಯಾವುದರಿಂದಲೂ ಪ್ರಯೋಜನವಾಗದಿದ್ದಲ್ಲಿ ಆಫೀಸ್ ತಂತ್ರಾಂಶದ ದುರಸ್ತಿ ಕೈಗೊಳ್ಳಬಹುದು. ಸ್ಥಾಪಿತ ತಂತ್ರಾಂಶಗಳ ಪಟ್ಟಿಯಲ್ಲಿ ಅದನ್ನು ಆರಿಸಿ ‘ಮಾಡಿಫೈ’ ಒತ್ತಿದಾಗ ‘ಕ್ವಿಕ್ ರಿಪೇರ್’ ಮತ್ತು ‘ಆನ್‌ಲೈನ್ ರಿಪೇರ್’ ಎಂಬ ಎರಡು ಆಯ್ಕೆಗಳು ಬರುತ್ತವೆ. ಮೊದಲನೆಯದು ಅಂತರ್ಜಾಲ ಸಂಪರ್ಕವಿಲ್ಲದೆಯೂ ಬೇಗ ಮುಗಿಯುತ್ತದೆ. ಎರಡನೆಯದು ತಂತ್ರಾಂಶವನ್ನು ಬಹುತೇಕ ಹೊಸದಾಗಿ ಇಳಿಸಿಕೊಳ್ಳುವುದರಿಂದ ಸಮಯವೂ ಡೇಟಾವೂ ಹೆಚ್ಚು ಬೇಕಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಇದನ್ನು ಗಮನದಲ್ಲಿಡತಕ್ಕದ್ದು.

ಹಳೆಯ ಸಂದೇಶಗಳು ಮಾತ್ರ ಕಾಣೆಯಾಗಿದ್ದಲ್ಲಿ

ಇತ್ತೀಚಿನ ಸಂದೇಶಗಳು ಸಿಕ್ಕಿ, ಒಂದು ನಿರ್ದಿಷ್ಟ ದಿನಾಂಕಕ್ಕಿಂತ ಹಿಂದಿನವು ಮಾತ್ರ ಸಿಗದಿದ್ದಲ್ಲಿ ಕಾರಣ ಬೇರೆಯಾಗಿರುತ್ತದೆ. ಎಕ್ಸ್‌ಚೇಂಜ್ ಅಥವಾ ಮೈಕ್ರೋಸಾಫ್ಟ್ 365 ಖಾತೆಗಳಲ್ಲಿ ಎಷ್ಟು ತಿಂಗಳ ಸಂದೇಶಗಳನ್ನು ಗಣಕಯಂತ್ರದಲ್ಲಿ ಇರಿಸಿಕೊಳ್ಳಬೇಕು ಎಂಬ ಮಿತಿಯೊಂದು ಇರುತ್ತದೆ. ಹೊಸದಾಗಿ ಖಾತೆ ಜೋಡಿಸಿದಾಗ ಈ ಮಿತಿ ಕಡಿಮೆ ಅವಧಿಗೆ ನಿಗದಿಯಾಗಿರಬಹುದು. ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ಖಾತೆಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಕಾಣುವ ಜಾರುಪಟ್ಟಿಯನ್ನು ‘ಆಲ್’ ಎಂಬಲ್ಲಿಗೆ ಸರಿಸಿ, ಔಟ್‌ಲುಕ್ ಅನ್ನು ಮುಚ್ಚಿ ತೆರೆಯಬೇಕು.

ಇನ್ನೊಂದು ಸಂದರ್ಭವನ್ನು ವಿಶೇಷವಾಗಿ ಹೇಳಬೇಕಾಗಿದೆ. ವಿಂಡೋಸ್‌ನೊಂದಿಗೆ ಬರುತ್ತಿದ್ದ ‘ಮೇಲ್’ ಎಂಬ ಆ್ಯಪ್‌ಗೆ ಬೆಂಬಲವು 2024ರ ಡಿಸೆಂಬರ್ 31ಕ್ಕೆ ಕೊನೆಗೊಂಡು, ಬಳಕೆದಾರರನ್ನು ‘ಹೊಸ ಔಟ್‌ಲುಕ್’ಗೆ ವರ್ಗಾಯಿಸಲಾಯಿತು. ಹಳೆಯ ಆ್ಯಪ್‌ನಲ್ಲಿ ಗಣಕಯಂತ್ರದೊಳಗೆ ಮಾತ್ರ ಉಳಿಸಿದ್ದ ಸಂದೇಶಗಳು ಹೊಸದರಲ್ಲಿ ತಾವಾಗಿಯೇ ಕಾಣುವುದಿಲ್ಲ. ಅಂತೆಯೇ ಹಳೆಯ ಮಾದರಿಯ ಔಟ್‌ಲುಕ್‌ನಿಂದ ಹೊಸದಕ್ಕೆ ಬದಲಾದವರು ತಮ್ಮ ಪಿಎಸ್‌ಟಿ ಕಡತದಲ್ಲಿದ್ದ ಹಳೆಯ ಪತ್ರಗಳು ಕಾಣೆಯಾದವೆಂದು ಗಾಬರಿಗೊಳ್ಳುವುದುಂಟು. ಪರದೆಯ ಬಲ ಮೇಲ್ತುದಿಯಲ್ಲಿರುವ ‘ನ್ಯೂ ಔಟ್‌ಲುಕ್’ ಸ್ವಿಚ್ಚನ್ನು ಆಫ್ ಮಾಡಿ, ಹಳೆಯ ಮಾದರಿಗೆ ಮರಳಿ ನೋಡಿದಲ್ಲಿ ಅವು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ಹೊಸ ಔಟ್‌ಲುಕ್ ಮುಖ್ಯವಾಗಿ ಸರ್ವರಿನಲ್ಲಿ ಹುಡುಕುವುದರಿಂದ ಅದನ್ನು ಬಳಸುವವರಿಗೆ ಮೇಲೆ ಹೇಳಿದ ರೀಬಿಲ್ಡ್ ಕ್ರಮದಿಂದ ಉಪಯೋಗವಾಗದು.

ಥಂಡರ್‌ಬರ್ಡ್ ಬಳಸುವವರು ಸಂಬಂಧಿತ ಫೋಲ್ಡರಿನ ‘ಪ್ರಾಪರ್ಟೀಸ್’ನಲ್ಲಿ ‘ರಿಪೇರ್ ಫೋಲ್ಡರ್’ ಒತ್ತಬೇಕು. ಅದರಿಂದ ಸರಿಹೋಗದಿದ್ದಲ್ಲಿ ತಂತ್ರಾಂಶವನ್ನು ಮುಚ್ಚಿ, ಪ್ರೊಫೈಲ್ ಫೋಲ್ಡರಿನಲ್ಲಿರುವ ‘ಗ್ಲೋಬಲ್-ಮೆಸೇಜಸ್-ಡಿಬಿ’ ಎಂಬ ಎಸ್‌ಕ್ಯೂಲೈಟ್ ಕಡತವನ್ನು ಅಳಿಸಿ ಪುನಃ ತೆರೆದಲ್ಲಿ ಅದು ಹೊಸ ಇಂಡೆಕ್ಸನ್ನು ತಾನೇ ರಚಿಸಿಕೊಳ್ಳುತ್ತದೆ.

ಕನ್ನಡದಲ್ಲಿ ಹುಡುಕುವಾಗ ಗಮನಿಸಬೇಕಾದ ಅಂಶಗಳು

ನವೀಕರಣವೇ ಕಾರಣವೆಂದು ಹೇಳಲಾಗುವ ಕೆಲವು ದೂರುಗಳಲ್ಲಿ ಇಂಡೆಕ್ಸ್ ಸರಿಯಾಗಿಯೇ ಇದ್ದು, ಹುಡುಕುವ ಪದದಲ್ಲಿ ವ್ಯತ್ಯಾಸವಿರುತ್ತದೆ. ಕನ್ನಡದ ಮಟ್ಟಿಗೆ ಇದು ಪ್ರತ್ಯೇಕವಾಗಿ ವಿವರಿಸಬೇಕಾದ ವಿಷಯ.

ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪತ್ರಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದೊಳಗೆ ರೋಮನ್ ಅಕ್ಷರ ಹಾಗೂ ಚಿಹ್ನೆಗಳ ರೂಪದಲ್ಲಿ ಉಳಿದಿರುತ್ತವೆ. ಈಗಿನ ಕೀಲಿಮಣೆಯಲ್ಲಿ ‘ಹಿಂಬರಹ’ ಎಂದು ಯೂನಿಕೋಡ್‌ನಲ್ಲಿ ನಮೂದಿಸಿ ಹುಡುಕಿದರೆ ಅಂತಹ ಪತ್ರ ಎಂದಿಗೂ ಸಿಗುವುದಿಲ್ಲ. ಇದಕ್ಕೆ ಯಾವ ದುರಸ್ತಿಯೂ ಇಲ್ಲ. ದಿನಾಂಕ, ಕಳುಹಿಸಿದ ಕಚೇರಿಯ ಇ-ಮೇಲ್ ವಿಳಾಸ ಅಥವಾ ಅಂಕಿಗಳಲ್ಲಿರುವ ಕಡತ ಸಂಖ್ಯೆಯ ಮೂಲಕವೇ ಹುಡುಕಬೇಕು. ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಲಗತ್ತಿಸಿದ ಆದೇಶಗಳೂ ಹೀಗೆಯೇ: ಅವು ಚಿತ್ರಗಳಾಗಿರುವುದರಿಂದ ಅವುಗಳೊಳಗಿನ ಪದಗಳು ಸಾಮಾನ್ಯವಾಗಿ ಶೋಧಕ್ಕೆ ಒಳಪಡುವುದಿಲ್ಲ.

ಅಂಕಿಗಳಲ್ಲಿಯೂ ಎಚ್ಚರ ಬೇಕು. ಪತ್ರದಲ್ಲಿ ಸಂಖ್ಯೆಯು ೧೨೩ ಎಂದು ಕನ್ನಡ ಅಂಕಿಗಳಲ್ಲಿದ್ದು, ಹುಡುಕುವವರು 123 ಎಂದು ನಮೂದಿಸಿದರೆ ಎರಡೂ ಒಂದೇ ಎಂದು ತಂತ್ರಾಂಶವು ಗುರುತಿಸಬೇಕೆಂದಿಲ್ಲ. ಎರಡೂ ರೀತಿಯಲ್ಲಿ ಹುಡುಕಿ ನೋಡಬೇಕು.

ವಿಭಕ್ತಿ ಪ್ರತ್ಯಯಗಳು ಇನ್ನೊಂದು ತೊಡಕು. ಪತ್ರದಲ್ಲಿ ‘ಪ್ರಮಾಣಪತ್ರವನ್ನು’ ಎಂದಿದ್ದಾಗ ‘ಪ್ರಮಾಣಪತ್ರ’ ಎಂದು ಹುಡುಕಿದರೆ, ಔಟ್‌ಲುಕ್ ಪದದ ಆರಂಭವನ್ನು ಹೋಲಿಸುವುದರಿಂದ ಸಿಗುವ ಸಂಭವವಿದೆ. ಜಿಮೇಲ್ ಸಾಮಾನ್ಯವಾಗಿ ಇಡೀ ಪದವನ್ನೇ ಹೋಲಿಸುವುದರಿಂದ ಸಿಗದಿರಬಹುದು. ‘ಪ್ರಮಾಣ ಪತ್ರ’ ಎಂದು ಬಿಡಿಸಿ ಬರೆದಿದ್ದರೆ ಎರಡರಲ್ಲಿಯೂ ಸಿಗುವುದು ಅನುಮಾನ. ಇದೇ ಕಾರಣಕ್ಕೆ ಸ್ವೀಕೃತಿ ಸಂಖ್ಯೆಯ ಕೊನೆಯ ನಾಲ್ಕೈದು ಅಂಕಿಗಳನ್ನು ಮಾತ್ರ ನಮೂದಿಸುವುದು ವ್ಯರ್ಥ. ಪೂರ್ಣ ಸಂಖ್ಯೆಯನ್ನು, ನೆನಪಿಲ್ಲದಿದ್ದಲ್ಲಿ ಅದರ ಬದಲಿಗೆ ಕಳುಹಿಸಿದವರ ವಿಳಾಸವನ್ನು ನಮೂದಿಸಬೇಕು. ಅರ್ಜಿ ಸಲ್ಲಿಸಿದ ತಿಂಗಳು ನೆನಪಿದ್ದರೆ ವಿಳಾಸ ಮತ್ತು ದಿನಾಂಕದ ಅವಧಿ ಎರಡನ್ನೂ ಕೊಟ್ಟು ಹುಡುಕುವುದು ಎಲ್ಲಕ್ಕಿಂತ ಖಚಿತವಾದ ವಿಧಾನ.

ಮಾಡಬಾರದ ಕೆಲಸಗಳು

ತೊಂದರೆ ಪರಿಹಾರವಾಗುವ ಮುನ್ನವೇ ಔಟ್‌ಲುಕ್‌ನಿಂದ ಖಾತೆಯನ್ನು ಅಥವಾ ಪ್ರೊಫೈಲನ್ನು ತೆಗೆದುಹಾಕಬಾರದು. ಪಿಒಪಿ ವಿಧಾನದಲ್ಲಿ ಜೋಡಿಸಿದ ಖಾತೆಗಳಲ್ಲಿ ಸಂದೇಶಗಳು ಸರ್ವರಿನಿಂದ ಇಳಿದು ಆ ಒಂದು ಗಣಕಯಂತ್ರದಲ್ಲಿ ಮಾತ್ರ ಉಳಿದಿರಬಹುದು. ಅಲ್ಲಿ ಅಳಿಸಿದರೆ ಮತ್ತೆಲ್ಲಿಯೂ ಪ್ರತಿ ಇರುವುದಿಲ್ಲ. ಪಿಎಸ್‌ಟಿ ಕಡತವನ್ನು ‘ಸ್ಕ್ಯಾನ್‌ಪಿಎಸ್‌ಟಿ’ ಎಂಬ ದುರಸ್ತಿ ಸಾಧನದಿಂದ ಸರಿಪಡಿಸುವ ಮುನ್ನ ಔಟ್‌ಲುಕ್ ಮುಚ್ಚಿ, ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು.

ನವೀಕರಣವನ್ನೇ ಹಿಂತೆಗೆಯಲು ವಿಂಡೋಸ್‌ನಲ್ಲಿ ಅವಕಾಶವಿದೆ. ಆದರೆ ಭದ್ರತೆಗೆ ಸಂಬಂಧಿಸಿದ ನವೀಕರಣವನ್ನು ಹುಡುಕಾಟದ ಅನುಕೂಲಕ್ಕಾಗಿ ತೆಗೆದುಹಾಕುವುದು, ಬ್ಯಾಂಕ್ ವ್ಯವಹಾರವನ್ನೂ ಅದೇ ಯಂತ್ರದಲ್ಲಿ ನಡೆಸುವವರಿಗೆ ಹಿತಕರವಲ್ಲ. ಮುಂದಿನ ನವೀಕರಣಗಳನ್ನು ಅಳವಡಿಸಿಕೊಂಡು ನೋಡುವುದು ಮೇಲು. 2022ರಲ್ಲಿ ಪರಿಹಾರ ಬಂದದ್ದು ಈ ಮಾರ್ಗದಲ್ಲಿಯೇ.

ಅಂತರ್ಜಾಲದಲ್ಲಿ ಸಹಾಯವಾಣಿ ಸಂಖ್ಯೆ ಹುಡುಕಿ ಕರೆ ಮಾಡುವವರು ವಿಶೇಷ ಜಾಗರೂಕತೆ ವಹಿಸತಕ್ಕದ್ದು. ಇ-ಮೇಲ್ ಸರಿಪಡಿಸುವ ನೆಪದಲ್ಲಿ ದೂರದಿಂದ ಗಣಕಯಂತ್ರವನ್ನು ನಿಯಂತ್ರಿಸುವ ಆ್ಯಪ್ ಅಳವಡಿಸಿಕೊಳ್ಳಲು ಹೇಳಿ, ಬಳಿಕ ಒಟಿಪಿ ಕೇಳುವ ವಂಚಕರಿದ್ದಾರೆ. ಇಂಡೆಕ್ಸ್ ಸರಿಪಡಿಸಲು ಒಟಿಪಿಯಾಗಲಿ, ಆಧಾರ್ ಸಂಖ್ಯೆಯಾಗಲಿ, ಬ್ಯಾಂಕ್ ಖಾತೆಯ ವಿವರವಾಗಲಿ ಬೇಕಾಗುವುದೇ ಇಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬೇಕು.

ವಿ.ಸೂ.: ಸೈಬರ್ ಕೇಂದ್ರದವರ ಅಥವಾ ಮಧ್ಯವರ್ತಿಗಳ ಇ-ಮೇಲ್ ವಿಳಾಸ ನಮೂದಿಸಿ ಅರ್ಜಿ ಸಲ್ಲಿಸಿದ್ದಲ್ಲಿ ಸಂದೇಶಗಳು ಆ ವಿಳಾಸಕ್ಕೆ ಹೋಗಿರುತ್ತವೆ. ಸ್ವಂತ ಅಂಚೆಪೆಟ್ಟಿಗೆಯಲ್ಲಿ ಹುಡುಕುವ ಮುನ್ನ ಅರ್ಜಿಯ ಪ್ರತಿಯಲ್ಲಿ ನಮೂದಾಗಿರುವ ಇ-ಮೇಲ್ ವಿಳಾಸ ಹಾಗೂ ಮೊಬೈಲ್ ಸಂಖ್ಯೆಯನ್ನು ಪರಿಶೀಲಿಸಿಕೊಳ್ಳುವುದು.